ಬ್ಯಾಟರಿ ಮೈಲಪ್ಪ ಮುಖ ತಿರುಗಿಸದ ದಿನ

ಬ್ಯಾಟರಿ ಮೈಲಪ್ಪನಿಗೆ ಇದ್ದದ್ದು ಒಂದೇ ಕಣ್ಣು, ಎಡಗಣ್ಣು. ಅದೂ ಹೋದರೆ ಅವನ ಕಥೆ ಮುಗಿಯಿತು ಅಂತ ಕೊಟ್ಟೂರಿನ ಗ್ಯಾರೇಜ್ ಸಾಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಆದರೂ ದಿನವಿಡೀ ಆ ಒಂದು ಕಣ್ಣನ್ನು ಬ್ಯಾಟರಿಯ ತೂತಿಗೆ ಹಚ್ಚಿ, ಒಳಗೆ ನೀರು ಎಷ್ಟಿದೆ ಅಂತ ನೋಡುತ್ತಿದ್ದ. "ದೂರದಿಂದ ನೋಡಲೇ ಮಗನ" ಅಂತ ನಾನು ಸಾವಿರ ಸಲ ಬೈದಿದ್ದೇನೆ. "ದೂರದಿಂದ ನೋಡಾಕ ನಿನಗ ಎರಡು ಅದಾವು, ನನಗೆಲ್ಲಿ ಅದಾವು" ಅನ್ನುತ್ತಿದ್ದ.

ನಾನು ಚೌಡಣ್ಣ. ಕೂಡ್ಲಿಗಿ ರಸ್ತೆಯ ಬೇವಿನ ಮರದ ಕೆಳಗಿನ ತಗಡಿನ ಶೆಡ್ಡು ನನ್ನದು. ಸೈಲೆನ್ಸರ್ ವೆಲ್ಡಿಂಗ್ ನನ್ನ ಕೆಲಸ. ಅದೇ ಶೆಡ್ಡಿನ ಇನ್ನೊಂದು ಅರ್ಧದಲ್ಲಿ ಮೈಲಪ್ಪ ಬ್ಯಾಟರಿ ಮತ್ತು ವೈರಿಂಗ್ ನೋಡಿಕೊಳ್ಳುತ್ತಿದ್ದ. ಹನ್ನೊಂದು ವರ್ಷ ಹಾಗೇ ಇದ್ದೆವು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಯಾರನ್ನು ಬೇಕಾದರೂ ಕೇಳಿ. ಮೈಲಪ್ಪನದು ಹಾಗಲ್ಲ. ಅವನಿಗೆ ಸಿಟ್ಟು ನಿಧಾನಕ್ಕೆ ಬರುತ್ತಿತ್ತು. ಬಂದ ಮೇಲೆ ಎದುರಿಗಿದ್ದವನು ನೆಟ್ಟಗೆ ಮನೆಗೆ ಹೋಗುತ್ತಿರಲಿಲ್ಲ.

ಮೈಲಪ್ಪ ಹಡಗಲಿ ಕಡೆಯ ಹಳ್ಳಿಯವನು. ಮನೆಯವರೆಲ್ಲ ತೋಟಗಳಲ್ಲಿ ಮಲ್ಲಿಗೆ ಮೊಗ್ಗು ಬಿಡಿಸುವ ಕೂಲಿಗೆ ಹೋದರೆ, ಇವನಿಗೆ ಲಾರಿ ಹುಚ್ಚು ಹತ್ತಿ ಹೊಸಪೇಟೆಗೆ ಹೋಗಿ ಒಂದು ಬ್ಯಾಟರಿ ಅಂಗಡಿ ಸೇರಿದ. ಅಲ್ಲಿಯ ಉಸ್ತಾದ ಕೆಲಸ ಕಲಿಸುತ್ತಿದ್ದದ್ದು ಬಾಯಿಂದಲ್ಲ, ಕೈಯಿಂದ ಮತ್ತು ಕಾಲಿನಿಂದ. ಒಂದು ದಿನ ಪ್ಲಸ್ಸು ಮೈನಸ್ಸು ಅದಲು ಬದಲು ಹಚ್ಚಿದ ಅಂತ, ಆಸಿಡ್ ಅಳೆಯುವ ಗಾಜಿನ ನಳಿಗೆಯನ್ನು ತುಂಬಿದ್ದ ಹಾಗೇ ಇವನ ಮುಖಕ್ಕೆ ಬೀಸಿ ಹೊಡೆದ. ಗಾಜೂ ಆಸಿಡ್ಡೂ ಒಟ್ಟಿಗೆ ಬಲಗಣ್ಣಿಗೆ ಹೋದವು. ಕಣ್ಣು ಬೇಯಿಸಿದ ಮೊಟ್ಟೆಯ ಬಿಳಿಯಂತೆ ಆಯಿತು. ಪಟ್ಟಿ ಕಟ್ಟಿಸಿಕೊಂಡ ಮೈಲಪ್ಪ ಆಸ್ಪತ್ರೆಯಿಂದ ಸೀದಾ ಅಂಗಡಿಗೆ ಹೋಗಿ, ಒಂದು ಲಾರಿ ಬ್ಯಾಟರಿಯನ್ನು ಎದೆಯೆತ್ತರಕ್ಕೆ ಎತ್ತಿ ಉಸ್ತಾದನ ಬಲಪಾದದ ಮೇಲೆ ಬಿಟ್ಟ. ಐದೂ ಬೆರಳು ಜಜ್ಜಿಹೋದವು.

"ಅವನ ಕಣ್ಣು ತಗೊಂಡು ನಾನೇನು ಮಾಡ್ಲಿ, ಅದು ನನಗ ಬರತೈತೇನು? ಇನ್ನ ಮ್ಯಾಲೆ ಅವನು ಯಾರಿಗೂ ಒದಿಬಾರದು, ಅಷ್ಟ" ಅಂತ ನನಗೆ ಹೇಳುವಾಗ ಅವನು ಸಾಸರಿನಲ್ಲಿ ಚಹಾ ಆರಿಸುತ್ತಿದ್ದ.

ಬಲಗಡೆಯಿಂದ ಯಾರಾದರೂ ಮಾತಾಡಿಸಿದರೆ ಅವನು ಪೂರ್ತಿ ಮುಖವನ್ನೇ ತಿರುಗಿಸಬೇಕಿತ್ತು, ಇಲ್ಲದಿದ್ದರೆ ಕಾಣುತ್ತಿರಲಿಲ್ಲ. ಜಗಳ ಆದವರು ಮುಖ ಕೊಟ್ಟು ಮಾತಾಡುವುದಿಲ್ಲ ಅನ್ನುತ್ತೇವಲ್ಲ, ಮೈಲಪ್ಪ ಎಲ್ಲರಿಗೂ ಮುಖ ಕೊಟ್ಟೇ ಮಾತಾಡುತ್ತಿದ್ದ, ಬೇರೆ ದಾರಿ ಇರಲಿಲ್ಲ. "ಹೆಂಡ್ತಿ ಮಾತು ಪೂರಾ ತಿರುಗಿ ಕೇಳೋ ಗಂಡ ಈ ಊರಾಗ ನನಗೊಬ್ಬಾಕಿಗೆ ಸಿಕ್ಕಾನ" ಅಂತ ಅವನ ಹೆಂಡತಿ ಹಂಪಮ್ಮ ನಗುತ್ತಿದ್ದಳು.

ಗಾಡಿಯ ಮೈಗೆ ವೆಲ್ಡಿಂಗ್ ಮಾಡುವ ಮುಂಚೆ ಬ್ಯಾಟರಿಯ ಅರ್ತ್ ವೈರು ಬಿಚ್ಚಬೇಕು. ಬಿಚ್ಚದಿದ್ದರೆ ವೆಲ್ಡಿಂಗಿನ ಕರೆಂಟು ಗಾಡಿಯ ಮೈಯೆಲ್ಲ ಓಡಾಡಿ ಬ್ಯಾಟರಿ ಹತ್ತಿರ ಕಿಡಿ ಹಾರಬಹುದು. ಆಗಷ್ಟೇ ಚಾರ್ಜ್ ಆದ ಬ್ಯಾಟರಿಯ ಮೇಲೆ ಕಣ್ಣಿಗೆ ಕಾಣದ ಗ್ಯಾಸು ನಿಂತಿರುತ್ತದೆ. ಅದಕ್ಕೆ ಒಂದು ಕಿಡಿ ಸಾಕು. ಹಾಗಾಗಿ ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ನಾನು "ಅರ್ತ ಆತಾ" ಅಂತ ಕೇಳಬೇಕು. ಅವನು ನನ್ನ ಕಡೆ ಮುಖ ತಿರುಗಿಸಿ, ಬಿಚ್ಚಿದ ವೈರಿನ ತುದಿಯನ್ನು ಎತ್ತಿ ತೋರಿಸಿ, "ಆತು" ಅನ್ನಬೇಕು. ಆಮೇಲೆ ನಾನು ವೆಲ್ಡಿಂಗ್ ಕಡ್ಡಿ ಮುಟ್ಟಿಸಬೇಕು. ಗಾಡಿಯ ಅರ್ತೂ ತಿಳುವಳಿಕೆಯ ಅರ್ಥವೂ ನಮ್ಮ ಬಾಯಲ್ಲಿ ಒಂದೇ. ಥಕಾರಕ್ಕೆ ಖರ್ಚು ಮಾಡುವಷ್ಟು ಉಸಿರು ನಮ್ಮ ಕಡೆ ಯಾರಿಗೂ ಇಲ್ಲ. ಅದನ್ನೇ ಇಟ್ಟುಕೊಂಡು ಹನ್ನೊಂದು ವರ್ಷ ನಗಾಡಿದೆವು. ನಾನು ಕೇಳಿದರೆ, "ನೀ ಹೇಳೋದು ಯಾರಿಗೆ ಅರ್ತ ಆಗತೈತಿ" ಅಂತ ವೈರು ಅಲ್ಲಾಡಿಸುತ್ತಿದ್ದ.

ಎರಡು ಸಾವಿರದ ನಾಲ್ಕರಲ್ಲಿ ಹಗರಿಬೊಮ್ಮನಹಳ್ಳಿಯ ಒಬ್ಬ ಕಂಟ್ರಾಕ್ಟರನ ಮಗ, ಪ್ರವೀಣಕುಮಾರ್ ಅಂತ, ಹಳೇ ಜೀಪು ತಂದು ಮರದ ಕೆಳಗೆ ನಿಲ್ಲಿಸಿದ. ಅದಿರು ಲಾರಿಗಳ ಕಾಲ ಅದು, ಅವನ ಅಪ್ಪನ ಲಾರಿಗಳೂ ಓಡುತ್ತಿದ್ದವು. ಕೈಯಲ್ಲಿ ಕಡಗ, ಬಾಯಲ್ಲಿ ಗುಟ್ಕಾ.

"ಸೈಲೆನ್ಸರ್ ಡಬ್ಬಿ ಕಿತ್ತು ಒಗಿ. ಇಂಜಿನ್ನಿಂದ ಸೀದಾ ಪೈಪು ಬರಬೇಕು. ನಾನು ಕೂಡ್ಲಿಗಿ ಬಿಟ್ಟರ ಕೊಟ್ಟೂರಾಗ ಕೇಳಬೇಕು" ಅಂದ.

ನನಗೆ ಮೈಯೆಲ್ಲ ಖುಷಿ. ಸುಳ್ಳು ಯಾಕೆ ಹೇಳಲಿ, ಒಂದೂ ತಿರುವಿಲ್ಲದ ನೇರ ಪೈಪು ಮಾಡಬೇಕು ಅಂತ ನನಗೂ ಬಹಳ ದಿನದಿಂದ ಆಸೆಯಿತ್ತು. ಇಂಜಿನ್ನಿಂದ ಹೊರಟು ಬಲಗಡೆ ಮಡ್‌ಗಾರ್ಡ್ ಸೀಳಿಕೊಂಡು ಹೊರಗೆ ಬರುವ ಹಾಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಗೆರೆಗೆ ಸರಿಯಾಗಿ ಅಡ್ಡ ಕೂತಿತ್ತು ಬ್ಯಾಟರಿ.

"ಅದನ್ನ ತೆಗದು ಎಡಗಡಿ ಸೀಟಿನ ಕೆಳಗ ಇಡು" ಅಂತ ಮೈಲಪ್ಪನಿಗೆ ಹೇಳಿದೆ.

"ಅಲ್ಲಿ ಬ್ಯಾಡ. ಬ್ಯಾಟ್ರಿಗೆ ಗಾಳಿ ಬೇಕು. ಸೀಟಿನ ಕೆಳಗ ಮುಚ್ಚಿಟ್ಟರ ಗ್ಯಾಸ್ ತುಂಬತೈತಿ. ನಿನ್ನ ಪೈಪು ಸ್ವಲ್ಪ ಬಗ್ಗಿಸು, ಏನು ಹೋಗತೈತಿ ನಿಂದು?"

"ಬಗ್ಗಿಸಿದ್ರ ಅದು ಸೀದಾ ಪೈಪು ಹೆಂಗಾತಲೇ?"

ಪ್ರವೀಣಕುಮಾರನಿಗೆ ಇಷ್ಟು ಮಾತು ಕೇಳುವ ತಾಳ್ಮೆ ಇರಲಿಲ್ಲ. ಮೈಲಪ್ಪನ ಕುರುಡು ಮಗ್ಗುಲಿನಿಂದ ಬಂದು ಕಪಾಳಕ್ಕೆ ಬಿಟ್ಟ. ಬರುವ ಕೈ ಮೈಲಪ್ಪನಿಗೆ ಕಾಣಲೇ ಇಲ್ಲ. ಆಮೇಲೆ ನಿಧಾನವಾಗಿ ಮುಖ ತಿರುಗಿಸಿದ, ಹೊಡೆದ ಕೈಯನ್ನು ಹುಡುಕಿ ಹಿಡಿದ, ಹಿಂದಕ್ಕೆ ತಿರುಚಿದ. ಹುಡುಗ ಮಂಡಿಯೂರಿದ. ಇನ್ನೊಂದು ಸುತ್ತು ತಿರುಚಿದ್ದರೆ ಮೂಳೆ ಮುರಿಯುತ್ತಿತ್ತು. ನಾನು ನಡುವೆ ಹೋಗಿ ಬಿಡಿಸಿದೆ. ಬಿಡಿಸಿ ಸುಮ್ಮನಿದ್ದರೆ ಆಗುತ್ತಿತ್ತು. ನನ್ನ ಪೈಪಿನ ಕೆಲಸ ಕೈತಪ್ಪುತ್ತದಲ್ಲ ಅಂತ ಸಿಟ್ಟು ನೆತ್ತಿಗೇರಿತ್ತು.

"ಬಿಡ್ರಿ ಸಾವಕಾರ್ರ, ಒಕ್ಕಣ್ಣಗ ಒಂದು ಮಗ್ಗಲ ಅಷ್ಟ ಕಾಣತೈತಿ" ಅಂದುಬಿಟ್ಟೆ.

ಹನ್ನೊಂದು ವರ್ಷದಲ್ಲಿ ಆ ಮಾತನ್ನು ನಾನು ಆಡಿರಲಿಲ್ಲ. ಮೈಲಪ್ಪ ನೆಲದಲ್ಲಿದ್ದ, ಬೋಲ್ಟು ಬಿಚ್ಚುವ ದೊಡ್ಡ ಪಾನಾ ತಗೊಂಡ. ನನ್ನ ಬಾಯಿಗೆ ಬಿತ್ತು ಏಟು, ಎರಡು ಹಲ್ಲು ನಾಲಿಗೆಯ ಮೇಲೆ ಬಂದವು. ನಾನು ಪೈಪಿನ ತುಂಡು ತಗೊಂಡು ಅವನ ಪಕ್ಕೆಗೆ ಬಾರಿಸಿದೆ. ಅವನು ಬಿದ್ದ, ಬಿದ್ದವನು ನನ್ನ ಕಾಲು ಎಳೆದು ಕೆಡವಿ ಎದೆಯ ಮೇಲೆ ಕೂತ. ಸಾಲಿನವರು ಬಂದು ಎಳೆದು ಬೇರೆ ಮಾಡುವಷ್ಟರಲ್ಲಿ ಇಬ್ಬರ ಅಂಗಿಯೂ ರಕ್ತವಾಗಿತ್ತು. ಪ್ರವೀಣಕುಮಾರ ಜೀಪಿಗೆ ಒರಗಿ ಗುಟ್ಕಾ ಹಾಕಿಕೊಳ್ಳುತ್ತಾ ನೋಡಿದ. "ನಾಳೆ ಸಂಜಿಗೆ ಗಾಡಿ ಬೇಕು" ಅಂತ ಹೇಳಿ ಹೋದ.

ರಕ್ತ ಉಗುಳಿ ನಾನು ಮೈಲಪ್ಪನಿಗೆ ಹೇಳಿದೆ: "ಇದೊಂದು ಗಾಡಿ ಮುಗಿಸು, ಆಮ್ಯಾಲೆ ನೀ ಯಾರೋ ನಾ ಯಾರೋ. ಬ್ಯಾಟ್ರಿ ಸೀಟಿನ ಕೆಳಗ ಹೋಗತೈತಿ. ಅರ್ತ ಆತಾ?"

ಅವನು ಉತ್ತರ ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಕೆಲಸಕ್ಕೆ ಬಂದೆವು, ಬಾಯಿ ಬಿಡಲಿಲ್ಲ. ನಾನು ತಗಡಿನ ಪೆಟ್ಟಿಗೆ ಮಾಡಿ ಸೀಟಿನ ಕೆಳಗೆ ಕೂರಿಸಿದೆ. ಮುಚ್ಚಳಕ್ಕೆ ನಾಲ್ಕು ತೂತು ಹೊಡೆಯಬೇಕು ಅಂತ ಸೀಮೆಸುಣ್ಣದಲ್ಲಿ ಅವನು ಗುರುತು ಹಾಕಿಟ್ಟಿದ್ದ. ನಾನು ಹೊಡೆಯಲಿಲ್ಲ, ಅವನು ಹೇಳಿದ್ದು ಅಂತಲೇ ಹೊಡೆಯಲಿಲ್ಲ. ಚಾರ್ಜಿನಿಂದ ಇಳಿಸಿದ ಬ್ಯಾಟರಿಯನ್ನು ಅವನು ಆ ಪೆಟ್ಟಿಗೆಯಲ್ಲಿ ಕೂರಿಸಿ, ಉದ್ದನೆಯ ವೈರುಗಳನ್ನು ಎಳೆದು ಹಚ್ಚಿದ, ಮುಚ್ಚಳ ಹಾಕಿದ. ಹನ್ನೊಂದು ಗಂಟೆಗೆ ಪೈಪು ಹಿಡಿಯುವ ಪಟ್ಟಿಯೊಂದನ್ನು ಗಾಡಿಯ ಅಡಿಯ ಚಾಸಿಗೆ ಅಂಟಿಸುವುದಷ್ಟೇ ನನಗೆ ಉಳಿದಿತ್ತು. ಜೀಪಿನ ಬಲಗಡೆ ನಾನು ಕುಕ್ಕರಗಾಲಲ್ಲಿ ಕೂತೆ. ಮೈಲಪ್ಪ ಜೀಪಿನೊಳಗೆ ಹಿಂದುಗಡೆ ಮಂಡಿಯೂರಿ, ಸೀಟು ಎತ್ತಿ ಮುಚ್ಚಳ ತೆಗೆದು, ಎಡಗಡೆಯ ಪೆಟ್ಟಿಗೆಯ ಮೇಲೆ ಬಗ್ಗಿ ಅರ್ತಿನ ಬೋಲ್ಟು ಬಿಗಿ ಮಾಡುತ್ತಿದ್ದ, ಬಿಚ್ಚುತ್ತಿದ್ದಾನೆ ಅಂತ ನಾನು ತಿಳಿದೆ. ಅವನ ಕುರುಡುಗಣ್ಣು ನನ್ನ ಕಡೆಗಿತ್ತು.

"ಅರ್ತ ಆತಾ?" ಅಂತ ಕೇಳಿದೆ.

"ಆತು" ಅಂದ.

ಮುಖ ತಿರುಗಿಸಲಿಲ್ಲ. ವೈರು ಎತ್ತಿ ತೋರಿಸಲಿಲ್ಲ.

ಅವನು ನನ್ನ ನಿನ್ನೆಯ ಮಾತಿಗೆ ಉತ್ತರ ಕೊಟ್ಟಿದ್ದ. ನೀ ಯಾರೋ ನಾ ಯಾರೋ, ಅರ್ಥ ಆಯಿತು ಅಂತ. ಅದು ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಆದರೆ ಅವನು ಮುಖ ತಿರುಗಿಸಿಲ್ಲ ಅನ್ನುವುದು ಆಗಲೇ ಕಂಡಿತ್ತು. ಇನ್ನೊಂದು ಸಲ ಕೇಳಬಹುದಿತ್ತು. ಮುಖ ಕೊಡದವನನ್ನು ಎರಡು ಸಲ ಯಾಕೆ ಕೇಳಬೇಕು ಅನ್ನಿಸಿತು. ಕಡ್ಡಿ ಮುಟ್ಟಿಸಿದೆ.

ಬಿಗಿಯಾಗದ ಬೋಲ್ಟಿನಲ್ಲಿ ಕಿಡಿ ಹಾರಿತು. ಬ್ಯಾಟರಿ ಸಿಡಿದ ಸದ್ದಿಗೆ ಮರದ ಕಾಗೆಗಳೆಲ್ಲ ಎದ್ದವು. ಮೇಲಿನ ಪ್ಲಾಸ್ಟಿಕ್ಕು ಚೂರುಚೂರಾಗಿ ಅವನ ಹಣೆ, ಕೆನ್ನೆ, ಗದ್ದಕ್ಕೆ ಹೊಕ್ಕಿತು. ಆಸಿಡ್ಡು ಪೂರ್ತಿ ಮುಖಕ್ಕೆ ಹೊಡೆಯಿತು. ಮೈಲಪ್ಪ ಜೀಪಿನಿಂದ ಹಿಂದಕ್ಕೆ ಉರುಳಿ, ಮಣ್ಣಿನಲ್ಲಿ ಮುಖ ತಿಕ್ಕಿದ. ನಾನು ಅವನ ಮೇಲೆ ಕೂತು, ಕೈಗಳನ್ನು ಮೊಣಕಾಲಿನ ಕೆಳಗೆ ಒತ್ತಿ ಹಿಡಿದು, ರೆಪ್ಪೆ ಬಿಡಿಸಿ ಕೊಡಗಟ್ಟಲೆ ನೀರು ಹುಯ್ದೆ. ಅವನು ಒದೆಯುತ್ತಿದ್ದ, ನನ್ನ ಬೆರಳು ಕಚ್ಚಿ ಹರಿದ. ಬುತ್ತಿ ತಂದಿದ್ದ ಹಂಪಮ್ಮ ರಸ್ತೆಯ ಆ ಕಡೆಯಿಂದ ಓಡಿಬಂದಳು. ನಾವಿಬ್ಬರೂ ಮತ್ತೆ ಜಗಳಕ್ಕೆ ಬಿದ್ದೆವು ಅಂದುಕೊಂಡು, ಬುತ್ತಿಯ ಡಬ್ಬಿಯಿಂದಲೇ ನನ್ನ ತಲೆಗೆ ಹೊಡೆದಳು. ಆಮೇಲೆ ಅವನ ಮುಖ ನೋಡಿದಳು. ಡಬ್ಬಿ ಕೈಯಿಂದ ಬಿತ್ತು.

ಅದಿರು ಲಾರಿಯೊಂದನ್ನು ಅಡ್ಡಗಟ್ಟಿ ಬಳ್ಳಾರಿಗೆ ಒಯ್ದೆವು. ಡಾಕ್ಟರು ನೋಡಿ ತಲೆ ಅಲ್ಲಾಡಿಸಿದರು. ಎಡಗಣ್ಣೂ ಹೋಗಿತ್ತು.

ಮರುದಿನ ಪ್ರವೀಣಕುಮಾರ ಶೆಡ್ಡಿಗೆ ಬಂದ. ಮೈಲಪ್ಪ ಎಲ್ಲಿ ಅಂತ ಕೇಳಲಿಲ್ಲ. ಜೀಪಿನೊಳಗೆ ಇಣುಕಿ, "ಸೀಟು ಸುಟ್ಟೈತಲ್ಲಲೇ" ಅಂದ. ಅವನಿಗೆಂದೇ ಮಾಡಿದ ಆ ನೇರ ಪೈಪನ್ನು ಕಿತ್ತು ತೆಗೆದು ಅವನ ಹೆಗಲಿಗೆ ಬಾರಿಸಿದೆ. ಬಿದ್ದ ಮೇಲೂ ಬಾರಿಸಿದೆ. ಪೈಪು ಬಗ್ಗುವ ತನಕ ಬಾರಿಸಿದೆ. ಅವನು ಮಾಡಿದ್ದಕ್ಕಷ್ಟೇ ಅಲ್ಲ, ನನ್ನನ್ನು ನಾನು ಹೊಡೆದುಕೊಳ್ಳಲು ಆಗುತ್ತಿರಲಿಲ್ಲ, ಅದಕ್ಕೆ. ಸಂಜೆ ಅವನ ಕಡೆಯವರು ಆರು ಜನ ಬಂದು ಶೆಡ್ಡಿನ ತಗಡು ಕಿತ್ತು, ನನ್ನ ಎಡಗೈಯನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಮುರಿದು ಹೋದರು. ನಾನು ತಡೆಯಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಹಂಪಮ್ಮನ ಹೆಗಲು ಹಿಡಿದುಕೊಂಡು ಮೈಲಪ್ಪ ಶೆಡ್ಡಿಗೆ ಬಂದ. ತಗಡು ಮತ್ತೆ ಹೊದಿಸಿದ್ದೆ, ಆದರೆ ಅವತ್ತಿನಿಂದ ಒಂದು ಕಡ್ಡಿಯನ್ನೂ ಮುಟ್ಟಿಸಿರಲಿಲ್ಲ. ಅವನು ತನ್ನ ಜಾಗ ತಡವಿಕೊಂಡು ಕೂತ. ನಾನು ಎದುರಿಗೆ ಕೂತೆ. ಹೇಳದೆ ಇರಲು ಆಗಲಿಲ್ಲ.

"ಮೈಲಪ್ಪ, ಅವತ್ತು ನೀ ಮುಖ ತಿರುಗಿಸಲಿಲ್ಲ. ನಾನು ನೋಡಿದ್ದೆ. ನೋಡೇ ಹಚ್ಚಿದೆ."

ಅವನು ನನ್ನ ಕಡೆ ಸರಿದ. ಎಡಗೈ ಚಾಚಿ ನನ್ನ ಮುಖ ತಡವಿದ. ಹಣೆ, ಮೂಗು, ಹಲ್ಲಿಲ್ಲದ ಬಾಯಿ. ಕೆನ್ನೆ ಎಲ್ಲಿದೆ ಅಂತ ಗುರುತಾದ ಮೇಲೆ ಬಲಗೈಯಿಂದ ಹೊಡೆದ. ಕಿವಿ ಗುಂಯ್ ಅಂದಿತು. ಮತ್ತೆ ತಡವಿದ, ಮತ್ತೆ ಹೊಡೆದ. ಹಂಪಮ್ಮ ಬಿಡಿಸಲು ಬರಲಿಲ್ಲ. ಅವನ ಕೈ ಸೋಲುವ ತನಕ ನಾನು ಮುಖ ಅಲ್ಲಾಡಿಸದೆ ಕೊಟ್ಟೆ.

ಏದುಸಿರು ಇಳಿದ ಮೇಲೆ ಕೇಳಿದ. "ಹೊರಗ ಯಾವುದೋ ಗಾಡಿ ನಿಂತೈತಲ್ಲ, ಏನಾಗೈತಿ?"

"ಟೆಂಪೋ. ಸೈಲೆನ್ಸರ್ ಕಿತ್ತೈತಿ. ಬೆಳಿಗ್ಗಿಂದ ನಿಂತೈತಿ. ನನ್ನ ಕೈ ಏಳವಲ್ದು."

ಎದ್ದು, ಟೆಂಪೋದ ಮೈ ತಡವುತ್ತಾ ಬ್ಯಾಟರಿ ಇರುವ ಕಡೆ ಹೋದ. ಪಾನಾ ಕೊಡು ಅಂತ ಕೈ ಚಾಚಿದ, ಕೊಟ್ಟೆ. ಬೋಲ್ಟು ಬಿಚ್ಚುವ ಸದ್ದು ಕೇಳಿಸಿತು. ನಾನು ಕಡ್ಡಿ ಸಿಕ್ಕಿಸಿದ ಹೋಲ್ಡರ್ ಹಿಡಿದು ಕೂತೆ. 

"ಕೇಳಲೇ ಮಗನ" ಅಂದ.

"ಅರ್ತ ಆತಾ?" ಅಂತ ಕೇಳಿದೆ.

ಮೈಲಪ್ಪ ಕುತ್ತಿಗೆ ಹೊರಳಿಸಿ, ಸುಟ್ಟ ಮುಖವನ್ನು ಪೂರ್ತಿ ನನ್ನ ಕಡೆ ತಿರುಗಿಸಿದ. ವೈರಿನ ತುದಿಯನ್ನು ಎತ್ತಿ ಹಿಡಿದ.

"ಆತು" ಅಂದ. "ಹಚ್ಚು."