ಫ್ಲೈವೀಲಿಗೆ ಕಟ್ಟಿದ ಹಗ್ಗ

ಅಪ್ಪಯ್ಯನ ಹಳೆಯ ಬೈಕನ್ನು ಮತ್ತೆ ಓಡಿಸುತ್ತೇನೆಂದು ಹೊರಟ ನನಗೆ ಒಂದು ಫ್ಲೈವೀಲ್ ನಾಲ್ಕು ದಿನ ನೀರು ಕುಡಿಸಿತು. ಎಂಜಿನ್ನಿನ ಬದಿಯಲ್ಲಿ ತಟ್ಟೆಯಂತೆ ಕೂತ ಆ ಕಬ್ಬಿಣದ ಚಕ್ರ ಕಳಚದೆ ಒಳಗಿನ ಕೆಲಸ ಆಗುವುದಿಲ್ಲ. ನಟ್ ಬಿಚ್ಚಿದೆ, ಚಕ್ರ ಎಳೆದು ಕಳಚುವ ಪುಲ್ಲರ್ ಹಾಕಿ ಬಿಗಿದೆ, ಬಿಸಿನೀರು ಹೊಯ್ದೆ, ಬೈದೆ. ಮುಂಬೈಯಿಂದ ಫೋನಿನಲ್ಲೇ ಉಪದೇಶ ಮಾಡಿದ ಭಾವನಿಗೂ ಬೈದೆ.

ಐದನೇ ದಿನ ಪಕ್ಕದ ಮನೆಯ ಅಜ್ಜ ಬಂದರು. ಆಯುಷ್ಯವಿಡೀ ದಡಕ್ಕೆ ದೋಣಿ ಎಳೆದವರು.

"ಹ್ವಾಯ್, ಅಷ್ಟ್ ದೊಡ್ಡ ದೋಣಿಯೇ ಬತ್ತ್, ಇದ್ ಬತ್ತಿಲ್ಯಾ?"

ಎಂಜಿನ್ನನ್ನು ನಮ್ಮ ತೆಂಗಿನಮರಕ್ಕೆ ಬಿಗಿದರು. ಪುಲ್ಲರಿಗೆ ದೋಣಿಯ ಹಗ್ಗ ಕಟ್ಟಿದರು. ಬಲೆ ಹೆಣೆಯುತ್ತಿದ್ದ ಐವರನ್ನು ಕರೆದು "ಐಲೇಸಾ!" ಎಂದರು. ನಾನೂ ಹಗ್ಗ ಹಿಡಿದು ಕೂಗಿದೆ. ಬೇರೇನು ಮಾಡಲಿ?

ಮರ ಅಲುಗಿತು, ಫ್ಲೈವೀಲ್ ಅಲುಗಲಿಲ್ಲ. ಮೂರನೇ ಎಳೆತಕ್ಕೆ ಮೇಲಿಂದ ತೆಂಗಿನಕಾಯಿಯೊಂದು ನೇರ ಪುಲ್ಲರಿನ ಮೇಲೆ ಬಿತ್ತು. ಟಣ್ ಎಂದು ಫ್ಲೈವೀಲ್ ಕಳಚಿತು. ನಾವು ಏಳೂ ಜನ ಒಬ್ಬರ ಮೇಲೊಬ್ಬರು ಬಿದ್ದೆವು.

"ನಾ ಹೇಳ್ಲಿಲ್ಯಾ?" ಅಜ್ಜ ನನ್ನ ಹೊಟ್ಟೆಯ ಮೇಲೆ ಕೂತೇ ಕೇಳಿದರು.

ಆಮೇಲೆ ಒಬ್ಬನೇ ಕೂತು ಎಂಜಿನ್ ಜೋಡಿಸಿದೆ. ಬೈಕ್ ತಲ್ಲೂರಿನವರೆಗೆ ಓಡಿತು, ಸುದ್ದಿ ಅದಕ್ಕಿಂತ ದೂರ ಓಡಿತು. ಕಳೆದ ವಾರ ಕೆರಾಡಿಯಿಂದ ಒಬ್ಬರು ಫ್ಲೈವೀಲ್ ಬಾರದ ಎಂಜಿನ್ನೊಂದನ್ನು ಜೀಪಿನಲ್ಲಿ ಹಾಕಿಕೊಂಡು ಬಂದರು. ನಾನು ಸ್ಪಾನರ್ ಹಿಡಿದು, ಸ್ವಲ್ಪ ಗತ್ತಿನಲ್ಲೇ ಎದುರು ಹೋದೆ. ಅವರು ನನ್ನ ತಲೆಯ ಮೇಲಿಂದ ಹಿತ್ತಲು ನೋಡಿದರು.

"ಹ್ವಾಯ್, ಆ ಮರ ಯಾವ್ದ್?"