ಹಿಂದುಮುಂದಾದ ತೊಂಬತ್ತಾರು ಜೀನುಗಳು

ಯಲಹಂಕದ ಪ್ರಯೋಗಾಲಯವೊಂದರಲ್ಲಿ ನಾನು ಪಿಎಚ್‌ಡಿ ಮಾಡುತ್ತಿದ್ದೆ. ಬ್ರೆಡ್ಡು ಉಬ್ಬಿಸುವ ಯೀಸ್ಟಿನ ಸಾವಿರಾರು ಜೀನುಗಳನ್ನು ಒಂದೊಂದಾಗಿ ಪಿಸಿಆರ್ ಯಂತ್ರದಲ್ಲಿ ನಕಲು ಮಾಡಿ, ಡಿಎನ್‌ಎ ಉಂಗುರಕ್ಕೆ ಜೋಡಿಸಿಡುವುದು ನಮ್ಮ ಕೆಲಸ. ಯಾವ ಜೀನು ಏನು ಮಾಡುತ್ತದೆಂದು ಹುಡುಕುವುದು ಅದರ ಮುಂದಿನ ಹಂತ. ಅಂಗೈಯಗಲದ ತಟ್ಟೆಯಲ್ಲಿ ತೊಂಬತ್ತಾರು ಗುಳಿ, ಗುಳಿಗೊಂದು ಜೀನು. ಕಣ್ಣಿಗೆ ಎಲ್ಲವೂ ಬರೀ ನೀರು. ಯಾವ ಗುಳಿಯಲ್ಲಿ ಯಾವ ಜೀನೆಂದು ತಿಳಿಯಲು ಪಟ್ಟಿಯೊಂದೇ ಗತಿ.

ಪಟ್ಟಿ ಬರೆಯುತ್ತಿದ್ದವರು ಆರ್.ಟಿ. ನಗರದಿಂದ ಬರುತ್ತಿದ್ದ ಹಿರಿಯ ಟೆಕ್ನಿಷಿಯನ್. ಪಿಪೆಟ್ ಹಿಡಿಯುವುದನ್ನು ನನಗೆ ಕಲಿಸಿದವರೇ ಅವರು. ಫೋನಿನಲ್ಲಿ ಮಗಳೊಡನೆ ದಖ್ಖನಿ ಉರ್ದುವಿನಲ್ಲಿ ರೇಗುತ್ತಲೇ ಒಂದು ಹನಿಯೂ ಚೆಲ್ಲದಂತೆ ತಟ್ಟೆ ಮುಚ್ಚುತ್ತಿದ್ದರು.

ಒಂದು ಸೋಮವಾರ, ಗುಳಿಗಳಲ್ಲಿ ನಿಜಕ್ಕೂ ಯಾವ ಜೀನಿದೆಯೆಂದು ಓದಿ ಹೇಳುವ ಸೀಕ್ವೆನ್ಸಿಂಗ್ ವರದಿ ಬಂತು. ಒಂದು ತಟ್ಟೆಯ ಯಾವ ಜೀನೂ ಪಟ್ಟಿಗೆ ಹೊಂದಿರಲಿಲ್ಲ. ನನ್ನ ಗೈಡ್ ಎಲ್ಲರ ಮುಂದೆ ಟೆಕ್ನಿಷಿಯನ್ನರನ್ನು ಕೇಳಿದರು.

"ಲೇಬಲ್ ಮಾಡಿದ್ದು ನೀವಲ್ವಾ? ಇಷ್ಟು ವರ್ಷ ಆದ್ಮೇಲೂ ಇದೇನ್ರೀ?"

"ನೋಡ್ಕೊಂಡೇ ಬರ್ದಿದ್ದೆ ಸರ್," ಎಂದರು ಅವರು. ಧ್ವನಿ ಕುಗ್ಗಿತ್ತು.

ತಟ್ಟೆ ಎಸೆದು ಎಲ್ಲವನ್ನೂ ಮತ್ತೆ ಮಾಡಿ ಎಂದು ಗೈಡ್ ಎದ್ದುಹೋದರು.

ನಾನು ನನ್ನ ಮೇಜಿಗೆ ಬಂದು ವರದಿ ತೆರೆದೆ. ಮೊದಲ ಗುಳಿಯಲ್ಲಿ ಕೊನೆಯ ಜೀನು, ಕೊನೆಯದರಲ್ಲಿ ಮೊದಲನೆಯದು. ಜೀನುಗಳನ್ನು ಹಳೆಯ ತಟ್ಟೆಯಿಂದ ಹೊಸದಕ್ಕೆ ವರ್ಗಾಯಿಸಿದವಳು ನಾನು. ಊಟದ ಅವಸರದಲ್ಲಿ ಹೊಸ ತಟ್ಟೆಯನ್ನು ಹಿಂದುಮುಂದಾಗಿ ಇಟ್ಟಿದ್ದೆ. ಏನೂ ಹಾಳಾಗಿರಲಿಲ್ಲ. ಪಟ್ಟಿಯನ್ನು ತಿರುಗಿಸಿ ಓದಿದ್ದರೆ ಸಾಕಿತ್ತು. ಆದರೆ ಗೈಡ್ ನನ್ನನ್ನು ಅಚ್ಚುಕಟ್ಟಿನವಳೆಂದು ಹೊಗಳುತ್ತಿದ್ದರು, ಆ ಹೊಗಳಿಕೆ ನನಗೆ ಬೇಕಿತ್ತು. ಫೈಲು ಮುಚ್ಚಿದೆ.

ಟೆಕ್ನಿಷಿಯನ್ ಮೊದಲಿನಿಂದ ಶುರು ಮಾಡಿದರು. ತಡೆಯಲಾರದೆ ನಾನೂ ಕೈಜೋಡಿಸಿದೆ. "ನಿನ್ ಕೆಲ್ಸ ಬಿಟ್ಟು ನಂಗೋಸ್ಕರ ಕೂತಿದೀಯ, ಒಳ್ಳೇದಾಗ್ಲಿ ಕಣಮ್ಮ," ಎಂದು ತಮ್ಮ ಡಬ್ಬಿಯ ಖೀಮಾ ಪರೋಟದಲ್ಲಿ ಅರ್ಧ ಮುರಿದುಕೊಟ್ಟರು. ಅದನ್ನೂ ತಿಂದೆ.

ಹತ್ತನೆಯ ದಿನ ಅಲ್ಲಾಳಸಂದ್ರದ ಬಸ್ ಸ್ಟಾಪಿನಲ್ಲಿ ಅವರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವರ ಬಸ್ಸು ಬಂದು ಹೋಯಿತು, ಹತ್ತಲಿಲ್ಲ.

"ಅವತ್ತೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಹೋಗಿ ಸರ್‌ಗೆ ಹೇಳು," ಎಂದಷ್ಟೇ ಹೇಳಿ ಮುಖ ತಿರುಗಿಸಿದರು.

ಮರುದಿನ ಬೆಳಿಗ್ಗೆ ಗೈಡ್ ಮುಂದೆ ನಿಂತೆ. ಬೈಗುಳಕ್ಕೆ ಸಿದ್ಧಳಾಗಿದ್ದೆ. ಅವರು ನಕ್ಕರು. "ಆಗುತ್ತೆ ಬಿಡಮ್ಮ, ಎಲ್ಲರೂ ಒಂದ್ಸಲ ಮಾಡೋ ತಪ್ಪೇ."

"ಸರ್, ಅವರಿಗೆ ನೀವೇ ಒಂದು ಮಾತು…"

"ಹೇಳೋಣ, ಹೇಳೋಣ."

ಹೇಳಲಿಲ್ಲ. ಮುಂದಿನ ಸೋಮವಾರದ ಸಭೆಯಲ್ಲಿ ನಾನೇ ಎದ್ದು ಎಲ್ಲರಿಗೂ ಹೇಳಿದೆ. ಟೆಕ್ನಿಷಿಯನ್ ಕಿಟಕಿಯ ಕಡೆ ನೋಡುತ್ತಿದ್ದರು. ಸಭೆ ಮುಗಿದ ಮೇಲೆ ಹತ್ತಿರ ಬಂದರು.

"ಮುಂದಿನ ತಟ್ಟೆ ನೀವು ಮಾಡ್ತೀರಾ, ನಾನು ಮಾಡ್ಲಾ ಮೇಡಂ?"

ಅಲ್ಲಿ ಕೆಲಸ ಮುಗಿಸಿ ಹೊರಡುವವರೆಗೂ ಅವರಿಗೆ ನಾನು ಮೇಡಂ ಆಗಿಯೇ ಉಳಿದೆ.