ನಿಂಗವ್ವನ ಕಣ್ಣು, ಪೂರ್ವಿಯ ಜ್ವರ

ಖಾನಾಪುರದ ಆ ಓಣಿಯಲ್ಲಿ ಯಾವ ಕೂಸಿಗೆ ಜ್ವರ ಬಂದರೂ ಥರ್ಮಾಮೀಟರಿಗಿಂತ ಮೊದಲು ಭರಮವ್ವ ಬರುತ್ತಿದ್ದಳು. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವಳು. ಘಾಟು ಬಂದರೆ ಬರೀ ಜ್ವರ, ಬರದಿದ್ದರೆ ದೃಷ್ಟಿ. ವರ್ಷಗಟ್ಟಲೆ ತಪಕೀರು, ಅಂದರೆ ನಶ್ಯ, ಏರಿಸಿ ಅವಳ ಮೂಗು ಮೊಂಡಾಗಿತ್ತು. ಹಾಗಾಗಿ ಅವಳ ಪರೀಕ್ಷೆಯಲ್ಲಿ ಎಲ್ಲ ಜ್ವರವೂ ದೃಷ್ಟಿಯೇ.

ಈ ಸಲ ಜ್ವರ ಬಂದದ್ದು ಅವಳ ಸ್ವಂತ ಮೊಮ್ಮಗಳಿಗೆ, ವರ್ಷದ ಕೂಸು ಪೂರ್ವಿಗೆ. ಕೆಮ್ಮಿಲ್ಲ, ನೆಗಡಿಯಿಲ್ಲ, ಮೈ ಮಾತ್ರ ಕೆಂಡ. ಮೆಣಸಿನಕಾಯಿ ಒಲೆಗೆ ಬಿತ್ತು. ಸೊಸೆ ಮಾಲಾ ಕೆಮ್ಮುತ್ತ ಹೊರಗೋಡಿದಳು. ಭರಮವ್ವ ಮಾತ್ರ ಒಂದು ಸೀನೂ ಸೀನದೆ, ಇದು ಬಾಜೂ ಮನೆಯ ನಿಂಗವ್ವನ ಕಣ್ಣು ಎಂದು ಗೋಡೆಯಾಚೆ ಕೇಳುವಂತೆ ತೀರ್ಪು ಕೊಟ್ಟಳು. ಕೂಸು ದುಂಡಗಾಗಿದೆ ಎಂದು ನಿನ್ನೆ ಗಲ್ಲ ಹಿಂಡಿದವಳು ಅವಳೇ ತಾನೆ? ಹರೆಯದಿಂದ ಗೆಳತಿಯಾಗಿದ್ದ ನಿಂಗವ್ವ ಅಂದಿನಿಂದ ಹಿತ್ತಲಿಗೂ ಬರಲಿಲ್ಲ.

ಜ್ವರ ಇಳಿಯಲಿಲ್ಲ. ಮಾಲಾ ಕೂಸನ್ನೆತ್ತಿಕೊಂಡು ಬೆಳಗಾವಿ ಬಸ್ಸು ಹತ್ತಿದಳು. ಭರಮವ್ವ ಬೈಯುತ್ತಲೇ ಪಕ್ಕದ ಸೀಟು ಹಿಡಿದಳು. ಸದಾಶಿವನಗರದ ಮಕ್ಕಳ ಡಾಕ್ಟರಮ್ಮ ಕಿವಿ, ಗಂಟಲು, ಎದೆ ನೋಡಿ, ಏನೂ ಕಾಣದೆ, ಮೂತ್ರ ಪರೀಕ್ಷೆಗೆ ಬರೆದರು. ಸುಡುವುದು ತಲೆ, ನೋಡುವುದು ಉಚ್ಚೆಯೇ ಎಂದು ಭರಮವ್ವ ಗೊಣಗಿದಳು. ಬಾಟಲಿ ಹಿಡಿದಷ್ಟು ಹೊತ್ತೂ ಕೂಸು ಬಿಗಿದುಕೊಂಡು ಕುಳಿತಿತ್ತು. ಕೆಳಗಿಟ್ಟೊಡನೆ ಅಜ್ಜಿಯ ಸೀರೆ ತೋಯಿಸಿತು. ಮುಂದಿನ ಸಲ ಮಾಲಾಳ ಕೈ ಚುರುಕಾಯಿತು.

ಮೂತ್ರದಲ್ಲಿ ಸೋಂಕಿತ್ತು. ಸಣ್ಣ ಮಕ್ಕಳಲ್ಲಿ ಬೇರೇನೂ ಕಾಣದೆ ಜ್ವರ ಬಂದರೆ ಇದನ್ನು ನೋಡಲೇಬೇಕು, ಇನ್ನೂ ತಡವಾಗಿದ್ದರೆ ಕಿಡ್ನಿಗೆ ತೊಂದರೆಯಾಗಬಹುದಿತ್ತು ಎಂದರು ಡಾಕ್ಟರಮ್ಮ. ಭರಮವ್ವ ಕೂಸನ್ನು ಸೆಳೆದು ಎದೆಗವಚಿಕೊಂಡಳು. ಆದರೂ, ಯಾರ ಕಣ್ಣೂ ಅಲ್ಲವೇ ಎಂದು ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡಳು.

ಔಷಧಕ್ಕೆ ಜ್ವರ ಇಳಿಯಿತು. ಕೂಸು ರೊಟ್ಟಿಗೆ ಕೈಚಾಚಿತು. ಭರಮವ್ವ ಮಾತ್ರ ತನ್ನ ರೊಟ್ಟಿ ಬಿಟ್ಟು ಹಿತ್ತಲ ಕಡೆಗೇ ನೋಡುತ್ತಿದ್ದಳು. ಅವಳಿಗೆ ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ನಿಂಗವ್ವ ಬೇಕಾಗಿದ್ದಳು. ಕೊನೆಗೆ ಕೂಸನ್ನೆತ್ತಿಕೊಂಡು ಅವಳ ಹೊಸ್ತಿಲಿಗೆ ಹೋಗಿ ನಿಂತಳು. ನಿಂಗವ್ವ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದವಳು ತಲೆ ಎತ್ತಲಿಲ್ಲ.

“ನಿನ್ನ ಕಣ್ಣಿಗಿ ಅಷ್ಟ ತಾಕತ್ತ ಇಲ್ಲಂತ ಬೆಳಗಾವಿ ಡಾಕ್ಟರ್ ಹೇಳ್ಯಾರ,” ಎಂದಳು ಭರಮವ್ವ.

ನಿಂಗವ್ವ ಮುಖವನ್ನು ಗೋಡೆಗೆ ತಿರುಗಿಸಿಕೊಂಡಳು. “ನಾ ನೋಡಂಗಿಲ್ಲವ್ವಾ. ನಾಳಿ ಮತ್ತ ಜ್ವರ ಬಂದೀತು.”

ಭರಮವ್ವ ಮೊರ ಸರಿಸಿ, ಕೂಸನ್ನು ಅವಳ ತೊಡೆಯ ಮೇಲೆ ಕೂರಿಸಿದಳು.

“ತಪ್ಪಾತು, ನಿಂಗಿ. ಕಣ್ತುಂಬ ನೋಡು.”